ಹಗ್ಗ ಅಳೆದೆ, ಕತ್ತು ಅಳೆಯಲಿಲ್ಲ

ನಮ್ಮ ಶೆಡ್ಡಿನಲ್ಲಿ ರೋಬಾಟಿನ ಮುಂದೆ ನೆಲದ ಮೇಲೆ ಒಂದು ಹಳದಿ ಗೆರೆ ಇತ್ತು. ಅದನ್ನು ಯಾರು ಎಳೆದರು, ಯಾವ ಲೆಕ್ಕದ ಮೇಲೆ ಎಳೆದರು ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದು ಕೊನೆಯಲ್ಲಿ ಪೇಂಟ್ ಮುಗಿದು ಗೆರೆಯೂ ಅಲ್ಲಿಗೇ ನಿಂತಿತ್ತು. ಹೊಸ ಹುಡುಗರು ಬಂದಾಗ "ಈ ಗೆರೆ ದಾಟಬೇಡಿ" ಅಂತ ಹೇಳುತ್ತಿದ್ದೆವು. ನಾವು ಮಾತ್ರ ದಿನಕ್ಕೆ ಹತ್ತು ಸಲ ದಾಟುತ್ತಿದ್ದೆವು.

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಶೆಡ್ಡು. ಅಲ್ಯೂಮಿನಿಯಂ ಕ್ಯಾಸ್ಟಿಂಗ್ ಬರುತ್ತದೆ, ಮೆಷಿನಿಂಗ್ ಆಗಿ ಹೋಗುತ್ತದೆ. ನಾನು ಅಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಊರು ತಳಿ ಕಡೆ. ಕನ್ನಡ ಮೀಡಿಯಂನಲ್ಲಿ ಓದಿ, ತಮಿಳಿನಲ್ಲಿ ಬೈಸಿಕೊಂಡು, ಇಂಗ್ಲಿಷ್ ಮ್ಯಾನ್ಯುಯಲ್ ನೋಡಿ ಕೆಲಸ ಕಲಿತವನು. ಈ ಕಡೆ ನನ್ನಂಥವರು ಬೇಕಾದಷ್ಟು ಜನ ಇದ್ದಾರೆ. ಶೆಡ್ಡಿನೊಳಗೆ ಹಗಲು ತಮಿಳು, ಕನ್ನಡ, ತೆಲುಗು ಕಲಸಿಕೊಂಡು ಓಡುತ್ತವೆ. ರಾತ್ರಿ ಶಿಫ್ಟಿನಲ್ಲಿ ಒಡಿಶಾ ಹುಡುಗರ ಹಿಂದಿ.

ರೋಬಾಟ್ ಬಂದದ್ದು ಎರಡು ವರ್ಷದ ಹಿಂದೆ, ಸೆಕೆಂಡ್ ಹ್ಯಾಂಡಿನಲ್ಲಿ. ಆರು ಆಕ್ಸಿಸ್, ಅಂದರೆ ಆರು ಕಡೆ ತಿರುಗುವ ಕೀಲು, 20 ಕೆಜಿ ಎತ್ತುತ್ತದೆ, 1.8 ಮೀಟರ್ ಚಾಚುತ್ತದೆ. ಎರಡು ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ಯಂತ್ರ) ನಡುವೆ ನಿಂತು ಒಂದರಿಂದ ಜಾಬ್, ಅಂದರೆ ಕೆಲಸ ನಡೆಯುವ ಕ್ಯಾಸ್ಟಿಂಗ್, ತೆಗೆದು ಇನ್ನೊಂದಕ್ಕೆ ಹಾಕುವುದು, ಮುಗಿದದ್ದನ್ನು ಮುಂದಿನ ಸ್ಟ್ಯಾಂಡಿನಲ್ಲಿ ಇಡುವುದು ಅದರ ಕೆಲಸ. ಮೂರು ಕಡೆ ಜಾಲರಿ ಬೇಲಿ ಇದೆ. ಮುಂದುಗಡೆ ಟ್ರಾಲಿ ಬರಬೇಕಲ್ಲ, ಅದಕ್ಕೆ ಖಾಲಿ ಬಿಟ್ಟಿದ್ದರು. ಆ ಹಳದಿ ಗೆರೆ ಇದ್ದದ್ದು ಅಲ್ಲೇ.

ಒಂದು ಮಧ್ಯಾಹ್ನ ತೋಳು ತಿರುಗುವಾಗ ಟ್ರಾಲಿಯ ಹಿಡಿಗೆ ಬಡಿಯಿತು. ಒಂದಿಂಚಿನ ಪೈಪು ಬಳ್ಳಿ ಹಾಗೆ ಬಾಗಿತು. ಟ್ರಾಲಿ ತಂದ ಹುಡುಗ ಅಷ್ಟು ಹೊತ್ತಿಗೆ ಹಿಡಿ ಬಿಟ್ಟು, ಮೊಬೈಲ್ ತೆಗೆಯಲು ಎರಡು ಹೆಜ್ಜೆ ಹಿಂದೆ ಹೋಗಿದ್ದ. ಮೊಬೈಲ್ ನೋಡಬೇಡ ಅಂತ ಅವನಿಗೆ ದಿನಾ ಬೈಯುತ್ತಿದ್ದವನು ನಾನು. ಅವತ್ತು ಸುಮ್ನೆ ಇದ್ದೆ.

ಮರುದಿನ ಮಾಲೀಕರು ಕರೆದರು. "ಇದನ್ನು ಸರಿಮಾಡಲು ಏನು ಬೇಕು ಹೇಳಪ್ಪ, ಕೊಡಿಸುತ್ತೇನೆ. ಆದರೆ ಪ್ರೊಡಕ್ಷನ್ ಇಳಿಯಬಾರದು."

ಮುಂದುಗಡೆಗೆ ಒಂದು ಲೇಸರ್ ಸ್ಕ್ಯಾನರ್ ಬೇಕು ಅಂದೆ. ನೆಲಕ್ಕೆ ಸಮಾನಾಂತರವಾಗಿ ಬೀಸಣಿಗೆ ಹಾಗೆ ಬೆಳಕು ಹರಡುತ್ತದೆ, ಯಾರಾದರೂ ಕಾಲಿಟ್ಟರೆ ರೋಬಾಟ್ ನಿಲ್ಲುತ್ತದೆ. ಅದಕ್ಕೆ ಹೊಂದುವ, ಸ್ಕ್ಯಾನರ್ ಹೇಳಿದ ತಕ್ಷಣ ರೋಬಾಟನ್ನು ನಿಲ್ಲಿಸುವ ಸೇಫ್ಟಿ ರಿಲೇ, ನಾಲ್ಕು ದಿನದ ಶಟ್‌ಡೌನ್. ನಾಲ್ಕು ದಿನ ಕೊಡಲು ಆಗಲ್ಲ, ಎರಡು ಭಾನುವಾರ ತಗೋ ಅಂದರು. ಕೊನೆಗೆ ಮೂರು ಭಾನುವಾರ ಹಿಡಿಯಿತು.

"ಕೋಬಾಟ್ ತಂದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ ಅಲ್ವಾ? ಅದಕ್ಕೆ ಬೇಲಿನೇ ಬೇಡವಂತೆ" ಅಂತಲೂ ಕೇಳಿದರು. ಕೋಬಾಟ್ ಅಂದರೆ ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡಲೆಂದು ಮಾಡಿದ ರೋಬಾಟ್. ಬಹಳ ಜನ ಹೀಗೇ ತಿಳಿದಿದ್ದಾರೆ. ಮನುಷ್ಯನಿಗೆ ತಾಗಿದರೂ ನೋಯದಂತೆ ಕೆಲಸ ಮಾಡಬೇಕಾದರೆ ಬಲಕ್ಕೂ ಒಂದು ಮಿತಿ ಬೇಕು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 2016ರಲ್ಲಿ ತಂದ 15066 ಪತ್ರದಲ್ಲಿ ಅದರ ಪಟ್ಟಿ ಇದೆ. ಒತ್ತಿ ಹಿಡಿದರೆ ಕೈಗೆ 140 ನ್ಯೂಟನ್ (ಬಲದ ಅಳತೆ), ಮುಖಕ್ಕೆ ಬರೀ 65. ನಮ್ಮ ಕ್ಯಾಸ್ಟಿಂಗ್ ಆರು ಕೆಜಿ, ಅಂಚು ಬ್ಲೇಡಿನಂತೆ. ಅದನ್ನು ಹಿಡಿದುಕೊಂಡ ತೋಳಿಗೆ ಯಾವ ಹೆಸರಿಟ್ಟರೇನು, ಬೇಲಿ ಬೇಕೇ ಬೇಕು.

ಮೊದಲ ಭಾನುವಾರ ಪೆಂಡೆಂಟ್, ಅಂದರೆ ರೋಬಾಟನ್ನು ನಡೆಸುವ ಕೈಫಲಕ, ಹಿಡಿದು ಸೇಫ್ಟಿ ಪುಟ ತೆರೆದೆ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ. ಫ್ಯಾನಕ್‌ನವರದು ಡಿಸಿಎಸ್, ಎಬಿಬಿಯವರದು ಸೇಫ್‌ಮೂವ್, ಕೂಕಾದವರದು ಸೇಫ್‌ಆಪರೇಷನ್. ಒಳಗಿನ ವಿಚಾರ ಹೆಚ್ಚುಕಡಿಮೆ ಒಂದೇ. ತೋಳು ಎಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ಎರಡು ಕಡೆ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಎರಡು ಲೆಕ್ಕ ತಾಳೆಯಾಗದಿದ್ದರೆ, ಅಥವಾ ನಾವು ಹಾಕಿದ ಮಿತಿ ದಾಟಿದರೆ, ಮೋಟಾರಿನ ಕರೆಂಟ್ ತೆಗೆಯುತ್ತಾರೆ. ಮಾಮೂಲಿ ಪ್ರೋಗ್ರಾಮಿನಲ್ಲಿ "ಇಲ್ಲಿಗೆ ಹೋಗಬೇಡ" ಅಂತ ಬರೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಪ್ರೋಗ್ರಾಂ ತಪ್ಪಬಹುದು. ಇದು ಕಾಯುತ್ತಿರುವುದು ಅದು ತಪ್ಪುವ ಗಳಿಗೆಗೇ.

ನಮ್ಮ ಪುಟದಲ್ಲಿ ಇದ್ದದ್ದು ಹಳೆಯ ಮಾಲೀಕರ ಮಿತಿಗಳು! ಯಾವುದೋ ಊರಿನ ಯಾವುದೋ ಶೆಡ್ಡಿನ ಬೇಲಿ, ನಮ್ಮ ರೋಬಾಟಿನ ತಲೆಯೊಳಗೆ ಹಾಗೇ ಕೂತಿತ್ತು. ಅದರ ಲೆಕ್ಕದಲ್ಲಿ ಎಡಗಡೆ ಮೂರು ಮೀಟರ್ ಬಯಲು. ನಮ್ಮಲ್ಲಿ ಅಲ್ಲಿ ಕೂಲೆಂಟ್ ಟ್ಯಾಂಕು. ರೋಬಾಟ್ ಕೂರಿಸಿಕೊಟ್ಟವರು ಪ್ರೋಗ್ರಾಂ ಓಡಿಸಿ ತೋರಿಸಿ, ಬಿಲ್ಲು ತಗೊಂಡು ಹೋಗಿದ್ದರು. ಪಾಸ್‌ವರ್ಡು ಪ್ಯಾನೆಲ್ ಬಾಗಿಲಿನ ಒಳಗೆ ಮಾರ್ಕರಿನಲ್ಲಿ ಬರೆದಿತ್ತು.

ಬ್ಯಾಕಪ್ ತೆಗೆದುಕೊಂಡೆ. ಸೇಫ್ಟಿ ಚೆಕ್‌ಸಮ್ ಅನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಇದೊಂದು ಸಂಖ್ಯೆ. ಸೇಫ್ಟಿ ಪುಟದಲ್ಲಿ ಒಂದು ಅಂಕಿ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಯಾರೋ ಕೈ ಹಾಕಿದ್ದಾರಾ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಶುರು ಮಾಡಿದ್ದು ಸುಲಭದ್ದರಿಂದ. ಬುಡದ ಆಕ್ಸಿಸ್ ಎರಡೂ ಕಡೆ 170 ಡಿಗ್ರಿ ತಿರುಗುವಂತಿತ್ತು. ನಮಗೆ ಹಿಂದುಗಡೆ ಏನೂ ಕೆಲಸವಿಲ್ಲ. ಒಂದು ಕಡೆ 95, ಇನ್ನೊಂದು ಕಡೆ 110ಕ್ಕೆ ಕಟ್ಟಿದೆ. ಹತ್ತು ನಿಮಿಷದ ಕೆಲಸ.

ಆಮೇಲೆ ವಲಯ. ಗಾಳಿಯಲ್ಲಿ ಒಂದು ಪೆಟ್ಟಿಗೆ ಕಟ್ಟಿದ ಹಾಗೆ. ತೋಳು ಅದರಿಂದ ಹೊರಗೆ ಬರಬಾರದು. ಕೀಲಿಯನ್ನು ಟಿ1ಗೆ ತಿರುಗಿಸಿ, ಪೆಂಡೆಂಟ್ ಹಿಡಿದು ಒಳಗೆ ಹೋದೆ. ಟಿ1 ಅಂದರೆ ತೋಳಿನ ತುದಿ ಸೆಕೆಂಡಿಗೆ 250 ಮಿಲಿಮೀಟರಿಗಿಂತ ಜೋರಾಗಿ ಹೋಗುವಂತಿಲ್ಲ. ಪೆಂಡೆಂಟಿನ ಹಿಂದೆ ಒಂದು ಸ್ವಿಚ್ಚಿದೆ, ಅದಕ್ಕೆ ಮೂರು ಹಂತ. ಬಿಟ್ಟರೆ ನಿಲ್ಲುತ್ತದೆ, ನಡುವೆ ಹಿಡಿದರೆ ಓಡುತ್ತದೆ, ಗಟ್ಟಿಯಾಗಿ ಅದುಮಿದರೆ ಮತ್ತೆ ನಿಲ್ಲುತ್ತದೆ. ಗಾಬರಿಯಾದಾಗ ಕೆಲವರು ಕೈ ಬಿಡುತ್ತಾರೆ, ಕೆಲವರು ಹಿಡಿತ ಬಿಗಿ ಮಾಡುತ್ತಾರೆ. ಎರಡಕ್ಕೂ ಉತ್ತರ ಯೋಚಿಸಿದ ಪುಣ್ಯಾತ್ಮನಿಗೆ ಒಂದು ನಮಸ್ಕಾರ.

ತೋಳನ್ನು ಒಂದೊಂದು ಮೂಲೆಗೆ ಒಯ್ದು, ಟೇಪು ಹಿಡಿದು ಬೇಲಿಯಿಂದ ದೂರ ಅಳೆದು, ಅಂಕಿ ಹಾಕಿದೆ. ಬೇಲಿಗೂ ತೋಳಿಗೂ ನಡುವೆ ಯಾರಾದರೂ ಸಿಕ್ಕಿಬಿದ್ದರೆ ನಜ್ಜುಗುಜ್ಜಾಗಬಾರದು. ಅದಕ್ಕೂ ಅಳತೆ ಇದೆ: ಮೈಗೆ 500 ಮಿಲಿಮೀಟರ್, ತಲೆಗೆ 300, ಅಂಗೈಗೆ 100, ಬೆರಳಿಗೆ 25. ನಾನು 500 ಬಿಟ್ಟೆ. ಪಾಸ್‌ವರ್ಡ್ ಹೊಡೆದು ಒಪ್ಪಿಸಿ, ಪವರ್ ಆಫ್ ಮಾಡಿ ಆನ್ ಮಾಡಿದೆ. ಹೊಸ ಚೆಕ್‌ಸಮ್ ಬಂತು. ಖುಷಿಯಾಯಿತು.

ಪರೀಕ್ಷೆಗೆ ಅಂತ ಬೇಲಿಯಿಂದ 500 ಮಿಲಿಮೀಟರ್ ಒಳಗೆ ಖಾಲಿ ರಟ್ಟಿನ ಡಬ್ಬಿಗಳನ್ನು ಆಳೆತ್ತರ ಪೇರಿಸಿದೆ. ಗ್ರಿಪ್ಪರಿನಲ್ಲಿ, ಅಂದರೆ ತೋಳಿನ ತುದಿಯ ಹಿಡಿಕೈಯಲ್ಲಿ, ನಿಜವಾದ ಜಾಬ್ ಹಿಡಿಸಿ, ನಿಧಾನಕ್ಕೆ ಆ ಕಡೆ ಓಡಿಸಿದೆ. ಜಾಬಿನ ಮೂಲೆ ರಟ್ಟಿಗೆ ತಾಗಿತು. ರಟ್ಟು ತೂತಾಯಿತು. ಪೇರಿಸಿದ್ದೆಲ್ಲ ಒಂದೊಂದಾಗಿ ಬಿದ್ದವು. ತೋಳು ಇನ್ನೂ ಹೋಗುತ್ತಲೇ ಇತ್ತು. ಸ್ಕ್ರೀನಿನಲ್ಲಿ ಎಲ್ಲ ಹಸಿರು! ಸ್ವಿಚ್ಚಿನಿಂದ ಬೆರಳು ತೆಗೆದೆ.

ಮತ್ತೆ ಅಳೆದೆ, ಅಂಕಿ ಸರಿ. ಇನ್ನೊಂದು ಸಲ ಓಡಿಸಿದೆ, ಅದೇ ಕಥೆ. ಕತ್ತಲಾಯಿತು. ಸೋಮವಾರ ಬೆಳಿಗ್ಗೆ ಹಳೆಯ ಹಾಗೇ ಓಡಿಸಬೇಕಾಯಿತು, ಒಬ್ಬ ಮನುಷ್ಯನನ್ನು ಕಾವಲು ನಿಲ್ಲಿಸಿ.

ಆ ವಾರ ಊರಿಗೆ ಹೋಗಿದ್ದೆ. ಮನೆಯ ಹಸು ಪಕ್ಕದವರ ರಾಗಿ ಪೈರಿಗೆ ಬಾಯಿ ಹಾಕಿ ಜಗಳವಾಗಿತ್ತು. ಗೂಟ ಹೊಡೆದು ಕಟ್ಟಿದ್ದು ನಾನೇ, ಹಿಂದಿನ ಸಲ ಬಂದಾಗ. "ಸಾಲಿನವರೆಗೆ ಹಗ್ಗ ಬರದ ಹಾಗೆ ಅಳೆದೇ ಕಟ್ಟಿದ್ದೆನಲ್ಲಮ್ಮ" ಅಂದೆ.

ಅಮ್ಮ ಮುದ್ದೆ ತಿರುವುತ್ತಾ ಅಂದಳು: "ಹಗ್ಗ ಅಳೆದೆ. ಕತ್ತು ಅಳೆದೆಯೇನೋ?"

ಹಸು ಹಗ್ಗದ ತುದಿಗೆ ನಿಂತು, ಅಲ್ಲಿಂದ ಕತ್ತು ಚಾಚಿ, ನಾಲಿಗೆ ಚಾಚಿ ಮೇಯುತ್ತದೆ. ಮುದ್ದೆ ತಟ್ಟೆಯಲ್ಲೇ ಉಳಿಯಿತು, ನಾನು ನೋಟ್‌ಬುಕ್ ತೆಗೆದೆ. ನನ್ನ ವಲಯ ಕಾಯುತ್ತಿದ್ದದ್ದು ಮಣಿಕಟ್ಟಿನ ಚಪ್ಪಟೆ ತಟ್ಟೆಯನ್ನು, ಗ್ರಿಪ್ಪರ್ ಕೂರಿಸುವ ಜಾಗವನ್ನು. ಅದರ ಮುಂದೆ ಗ್ರಿಪ್ಪರ್ ಇದೆ, ಗ್ರಿಪ್ಪರಿನ ಮುಂದೆ 180 ಮಿಲಿಮೀಟರ್ ಜಾಬ್ ಚಾಚಿದೆ. ರೋಬಾಟಿಗೆ ತನ್ನ ಕೈಯಲ್ಲಿ ಏನಿದೆ ಅಂತ ಗೊತ್ತಿಲ್ಲ. ನಾವು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡನೇ ಭಾನುವಾರ ಟೂಲ್ ಮಾಡೆಲ್ ಹಾಕಿದೆ. ಗ್ರಿಪ್ಪರನ್ನೂ ಜಾಬನ್ನೂ ಸೇರಿಸಿ ಮುಚ್ಚುವ ಹಾಗೆ ಗುಂಡು ಗುಂಡಾದ ಆಕಾರಗಳನ್ನು ಕಟ್ಟಬೇಕು. ಜಾಬ್ ಇದ್ದಾಗ ಒಂದು, ಇಲ್ಲದಾಗ ಒಂದು ಅಂತ ಎರಡು ಮಾಡೆಲ್ ಇಟ್ಟುಕೊಳ್ಳಬಹುದಿತ್ತು. ನಾನು ಒಂದೇ ಇಟ್ಟೆ, ಯಾವಾಗಲೂ ಜಾಬ್ ಇದೆ ಅನ್ನುವಂತೆ. ಕೈ ಖಾಲಿ ಇದ್ದಾಗ ಒಂದಿಷ್ಟು ಜಾಗ ದಂಡವಾಗುತ್ತದೆ, ಆಗಲಿ. ಹಾಗೇ ನೋಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಹಳೆಯ ಸೆಟ್ಟಿಂಗಿನಲ್ಲಿ ಮೊಣಕೈಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತೋಳು ಮಡಚಿಕೊಂಡು ಹಿಂದೆ ಸರಿಯುವಾಗ ಕೈ ಒಳಗೇ ಇರುತ್ತದೆ, ಮೊಣಕೈ ಬೇಲಿಗೆ ಒಂದು ಗೇಣು ಹತ್ತಿರ ಹೋಗುತ್ತದೆ. ನಾವೆಲ್ಲ ನೋಡುವುದು ಕೈಯನ್ನೇ. ಅದನ್ನೂ ಸೇರಿಸಿದೆ.

ಈ ಸಲ ಡಬ್ಬಿ ಬೀಳಲಿಲ್ಲ. ಅಲಾರಂ ಹೊಡೆದು ತೋಳು ನಿಂತಿತು. ಆದರೂ ರಟ್ಟಿಗೂ ಜಾಬಿಗೂ ನಡುವೆ ನಾನು ಅಂದುಕೊಂಡಷ್ಟು ಸಂದು ಇರಲಿಲ್ಲ. ನಮ್ಮ ರೋಬಾಟ್ ಗೆರೆ ಮುಟ್ಟಿದ ಮೇಲೆ ಬ್ರೇಕ್ ಹಾಕುತ್ತದೆ. ನಿಧಾನಕ್ಕೆ ಬಂದರೆ ಸ್ವಲ್ಪ ಜಾರುತ್ತದೆ, ಜೋರಾಗಿ ಬಂದರೆ ಜಾಸ್ತಿ. ಆ ಜಾರಿಕೆಯನ್ನೂ ಕಳೆದು ವಲಯವನ್ನು ಇನ್ನೂ ಒಳಗೆ ಎಳೆದೆ.

ಈಗ ಸ್ಕ್ಯಾನರ್. ಎಲ್ಲಕ್ಕಿಂತ ತಲೆ ತಿಂದದ್ದು ಇದು. ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ಐಎಸ್‌ಒ 13855ರಲ್ಲಿ ಲೆಕ್ಕ ಇದೆ. ಮನುಷ್ಯ ಸೆಕೆಂಡಿಗೆ 1600 ಮಿಲಿಮೀಟರ್ ನಡೆಯುತ್ತಾನೆ ಅಂತ ಇಟ್ಟುಕೊಳ್ಳಿ. ಅವನ ಕಾಲು ಬೆಳಕಿಗೆ ತಾಗಿದ ಗಳಿಗೆಯಿಂದ ತೋಳು ಪೂರ್ತಿ ನಿಲ್ಲುವವರೆಗೆ ಎಷ್ಟು ಹೊತ್ತು? ಆ ಹೊತ್ತಿನಲ್ಲಿ ಅವನು ಎಷ್ಟು ದೂರ ಬಂದಿರುತ್ತಾನೆ? ಅದಕ್ಕೆ ಇನ್ನೊಂದು ಅಂಕಿ ಸೇರಿಸಬೇಕು, ಯಾಕೆಂದರೆ ಕಾಲು ಅಲ್ಲಿದ್ದರೂ ಬಗ್ಗಿ ಕೈ ಮುಂದೆ ಚಾಚಬಹುದು. ಹಸುವಿನ ಕತ್ತೇ ಮತ್ತೆ! ಅದು 1200ರಿಂದ ಬೆಳಕಿನ ಎತ್ತರದ 0.4 ಪಾಲನ್ನು ಕಳೆದದ್ದು, 850ಕ್ಕಿಂತ ಕಡಿಮೆ ಇರಬಾರದು. ನಮ್ಮ ಸ್ಕ್ಯಾನರ್ ನೆಲದಿಂದ 300 ಮಿಲಿಮೀಟರ್ ಎತ್ತರದಲ್ಲಿ. 1200ರಿಂದ 120 ಕಳೆದರೆ 1080. ಸ್ಕ್ಯಾನರಿನ ಅಳತೆಯಲ್ಲೇ ಇರುವ ತಪ್ಪಿಗೆ ಅಂತ ಇನ್ನೊಂದು 100.

ಉಳಿದದ್ದು ನಿಲ್ಲುವ ಸಮಯ. ಮ್ಯಾನ್ಯುಯಲಿನ ಹಿಂದೆ ಪಟ್ಟಿ ಇರುತ್ತದೆ: ವೇಗ, ಭಾರ, ಚಾಚು, ಮೂರನ್ನೂ ಶೇಕಡಾ 33, 66, 100 ಮಾಡಿ, ನಿಲ್ಲಲು ಎಷ್ಟು ಹೊತ್ತು ಅಂತ ಕೊಟ್ಟಿರುತ್ತಾರೆ. ಆದರೆ ಅದು ಹೊಸ ರೋಬಾಟಿನದು. ನಮ್ಮದರ ಬ್ರೇಕಿಗೆ ಎಷ್ಟು ವಯಸ್ಸೋ. ಮೊಬೈಲಿನ ಸ್ಲೋ ಮೋಷನ್ ಹಾಕಿದೆ, ಸೆಕೆಂಡಿಗೆ 240 ಫ್ರೇಮು. ಸ್ಕ್ಯಾನರಿನ ಸಿಗ್ನಲ್ ಕಡಿದಾಗ ರಿಲೇಯ ಲೈಟ್ ಆರುತ್ತದೆ, ಅಲ್ಲಿಂದ ತೋಳು ಅಲುಗಾಡದ ಫ್ರೇಮಿನವರೆಗೆ ಎಣಿಸಿದೆ. 149 ಫ್ರೇಮು. ಅಂದರೆ 0.62 ಸೆಕೆಂಡ್. ಪಟ್ಟಿಯಲ್ಲಿ ಇದ್ದದ್ದಕ್ಕಿಂತ ಬಹಳ ಜಾಸ್ತಿ.

ಇಷ್ಟು ಯಾಕೆ ಅಂತ ಹುಡುಕಿದರೆ ಭಾರದ ಪುಟ. ಗ್ರಿಪ್ಪರ್ ಒಂಬತ್ತು ಕೆಜಿ, ಜಾಬ್ ಆರು, ಒಟ್ಟು 15. ರೋಬಾಟಿಗೆ ಹೇಳಿದ್ದದ್ದು 8 ಕೆಜಿ! ಎಂಟು ಕೆಜಿ ಅಂದುಕೊಂಡು ಬ್ರೇಕ್ ಹಾಕಲು ಹೋದರೆ ಅದು ತಾನೇ ಏನು ಮಾಡುತ್ತದೆ. ಸರಿಯಾದ ಭಾರ, ಅದರ ತೂಕದ ನಡುಬಿಂದು ಎಲ್ಲ ಹಾಕಿದ ಮೇಲೆ 132 ಫ್ರೇಮು, 0.55 ಸೆಕೆಂಡಿಗೆ ಇಳಿಯಿತು. ಸ್ಕ್ಯಾನರಿಗೆ 0.08, ರಿಲೇಗೆ 0.02 ಸೇರಿಸಿದರೆ 0.65. ಇದನ್ನು 1600ರಿಂದ ಗುಣಿಸಿದರೆ 1040. ಅದಕ್ಕೆ 1080, ಅದಕ್ಕೆ 100. ಒಟ್ಟು 2220 ಮಿಲಿಮೀಟರ್.

ಹಳದಿ ಗೆರೆ ಇದ್ದದ್ದು 1200ರಲ್ಲಿ.

ತೋಳಿನ ಮುಂದಿನ ಮಿತಿಯಿಂದ ಫೋರ್ಕ್‌ಲಿಫ್ಟ್ ಓಡಾಡುವ ದಾರಿಯವರೆಗೆ ನಮಗೆ ಇದ್ದದ್ದು 2000. ಅದಕ್ಕಿಂತ ಮುಂದೆ ಹೋದರೆ ದಾರಿಯಲ್ಲಿ ಹೋಗುವವರಿಗೆಲ್ಲ ರೋಬಾಟ್ ನಿಲ್ಲುತ್ತದೆ, ಎರಡೇ ದಿನದಲ್ಲಿ ಯಾರಾದರೂ ಸ್ಕ್ಯಾನರನ್ನೇ ಬೈಪಾಸ್ ಮಾಡುತ್ತಾರೆ. ವೇಗ ಇಳಿಸಿದೆ. ನಿಲ್ಲುವ ಸಮಯ 0.40ಕ್ಕೆ ಬಂದಾಗ ಒಟ್ಟು 1980, ಜಾಗ ಸಾಕಾಯಿತು. ಸೈಕಲ್ ಟೈಮ್, ಅಂದರೆ ಒಂದು ಸುತ್ತಿನ ಕೆಲಸಕ್ಕೆ ಹಿಡಿಯುವ ಹೊತ್ತು, 41 ಸೆಕೆಂಡಿನಿಂದ 46ಕ್ಕೆ ಹೋಯಿತು. ಮಾಲೀಕರ ಮುಖ ನೋಡುವಂತಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಹಿರಿಯ ಆಪರೇಟರ್. ಕೆಲಮಂಗಲದ ಕಡೆಯವರು, ಎಲ್ಲರಿಗೂ ಅಣ್ಣ. ಟೀ ಕುಡಿಯುತ್ತಾ ನಿಂತಿದ್ದವರು, "ತಮ್ಮಾ, ಅದು ಅಷ್ಟು ಮುಂದೆ ಯಾಕೆ ಬರಬೇಕು? ಸ್ಟ್ಯಾಂಡನ್ನೇ ಒಳಗೆ ತಳ್ಳು" ಅಂದರು. ನಾನು ವಾರವಿಡೀ ಅಂಕಿ ತಿದ್ದುತ್ತಿದ್ದೆ, ನಾಲ್ಕು ಬೋಲ್ಟ್ ಬಿಚ್ಚುವ ಯೋಚನೆ ಬಂದಿರಲಿಲ್ಲ. ಸ್ಟ್ಯಾಂಡನ್ನು 200 ಮಿಲಿಮೀಟರ್ ಒಳಗೆ ಸರಿಸಿ, ವಲಯವನ್ನೂ ಅಷ್ಟೇ ಎಳೆದೆವು. ಜಾಗ 2200 ಆಯಿತು. ತೋಳು ಕಡಿಮೆ ಚಾಚುವುದರಿಂದ ನಿಲ್ಲುವುದೂ ಬೇಗ. ಶೇಕಡಾ 90 ವೇಗದಲ್ಲಿ 125 ಫ್ರೇಮು, 0.52 ಸೆಕೆಂಡ್. ಒಟ್ಟು 2172. ಸೈಕಲ್ ಟೈಮ್ 42.

ಮೂರನೇ ಭಾನುವಾರ ಬೆಂಗಳೂರಿನಿಂದ ಒಬ್ಬರನ್ನು ಕರೆಸಿದೆವು, ನಿಲ್ಲುವ ಸಮಯ ಅಳೆಯುವ ನಿಜವಾದ ಮೀಟರ್ ಇರುವವರು. ಮೊಬೈಲಿನ ಲೆಕ್ಕವನ್ನು ನಂಬಿ ಜನರನ್ನು ಬಿಡುವುದು ಬೇಡ ಅನ್ನಿಸಿತ್ತು. ಅವರ ಮೀಟರ್ 0.54 ತೋರಿಸಿತು. ಗುಣಿಸಿ ಕೂಡಿಸಿದರೆ 2204. ಇರುವ ಜಾಗ 2200. ನಾಲ್ಕೇ ನಾಲ್ಕು ಮಿಲಿಮೀಟರ್! "ನಾಲ್ಕು ಮಿಲಿಮೀಟರಿಗೆ ಏನಾಗುತ್ತೆ ಸಾರ್" ಅಂತ ಪಕ್ಕದಲ್ಲಿದ್ದ ಸೂಪರ್‌ವೈಸರ್ ಅಂದರು. ಬಂದವರು ಮಾತಾಡಲಿಲ್ಲ, ಪೆನ್ನು ಮುಚ್ಚಿಟ್ಟರು. ಸ್ಟ್ಯಾಂಡನ್ನು ಇನ್ನೂ 50 ತಳ್ಳಿದೆವು.

ಇಷ್ಟು ಮಾಡುವಾಗ ಒಂದನ್ನು ಬಿಟ್ಟೇಬಿಟ್ಟಿದ್ದೆ, ಹಿಂದಿನ ಗೇಟು. ಗೇಟ್ ತೆಗೆದರೆ ರೋಬಾಟ್ ನಿಲ್ಲಬೇಕು. ಅದಕ್ಕೆ ಕಂಬದ ಮೇಲೆ ಒಂದು ಸ್ವಿಚ್, ಬಾಗಿಲಿಗೆ ನಾಲಿಗೆಯಂಥ ಲೋಹದ ಕೀ. ಬಾಗಿಲು ಮುಚ್ಚಿದಾಗ ನಾಲಿಗೆ ಸ್ವಿಚ್ಚಿನೊಳಗೆ ಹೋಗುತ್ತದೆ. ಕೊನೆಯ ಪರೀಕ್ಷೆಗೆ ಅಂತ ಗೇಟ್ ತೆರೆದೆ. ತೋಳು ತನ್ನ ಪಾಡಿಗೆ ಓಡುತ್ತಿತ್ತು. ಬಗ್ಗಿ ನೋಡಿದರೆ ಸ್ವಿಚ್ಚಿನೊಳಗೆ ಒಂದು ಬಿಡಿ ಕೀ, ಅದರ ಮೇಲೆ ಕಪ್ಪು ಟೇಪು.

ಅಣ್ಣನೇ ಮುಂದೆ ಬಂದರು. "ನಾನೇ ಹಾಕಿದ್ದು ತಮ್ಮಾ." ಗ್ರಿಪ್ಪರಿನ ಬೆರಳಿನಲ್ಲಿ ಚಿಪ್ಸ್, ಅಂದರೆ ಕೊರೆದ ಲೋಹದ ಚೂರು, ಸಿಕ್ಕಿಕೊಳ್ಳುತ್ತದೆ, ಶಿಫ್ಟಿಗೆ ಎಂಟು ಹತ್ತು ಸಲ. ಗೇಟ್ ತೆಗೆದರೆ ಎಲ್ಲೆಂದರಲ್ಲಿ ನಿಲ್ಲುತ್ತದೆ. ಮತ್ತೆ ಹೋಮಿಗೆ, ಅಂದರೆ ಅದರ ಶುರುವಿನ ಜಾಗಕ್ಕೆ, ತಂದು ಶುರು ಮಾಡಲು ಮೂರು ನಿಮಿಷ. ಕೌಂಟ್ ಕಡಿಮೆಯಾದರೆ ಬೈಸಿಕೊಳ್ಳುವುದು ಅವರು. ಅದಕ್ಕೇ ಹಿಂದಿನಿಂದ ನುಗ್ಗಿ, ತೋಳು ಆ ಕಡೆ ತಿರುಗಿದಾಗ ಬ್ರಷ್ ಹಾಕಿ ಬರುತ್ತಿದ್ದರು. ಎರಡು ವರ್ಷದಿಂದ!

ನಾನು ಕೂಗಾಡಬೇಕಿತ್ತೇನೋ. 1979ರ ಜನವರಿ 25ರಂದು ಅಮೆರಿಕದ ಮಿಷಿಗನ್‌ನಲ್ಲಿ ರಾಬರ್ಟ್ ವಿಲಿಯಮ್ಸ್ ಅನ್ನುವ ಕೆಲಸಗಾರ ಎರಕದ ಕಾರ್ಖಾನೆಯಲ್ಲಿ ಭಾಗಗಳನ್ನು ತರಲು ರಾಕ್ ಹತ್ತಿದ್ದ. ಹಿಂದಿನಿಂದ ಬಂದ ಯಂತ್ರದ ತೋಳು ಬಡಿದು ಸತ್ತ. ರೋಬಾಟಿನಿಂದ ಸತ್ತ ಮೊದಲಿಗ ಅಂತ ಅವನ ಹೆಸರು ಉಳಿದಿದೆ. ಇದನ್ನು ಅಣ್ಣನಿಗೆ ಹೇಳಿದೆ. "ಅವನೂ ಆಟ ಆಡಲು ಹೋಗಿರಲಿಲ್ಲ ನೋಡು" ಅಂದರು. ಅವರು ಹೇಳಿದ್ದರಲ್ಲೂ ಸತ್ಯ ಇತ್ತು.

ಗ್ರಿಪ್ಪರಿಗೆ ಎರಡು ಏರ್ ನಾಝಲ್ ಹಾಕಿದೆ, ಪ್ರತಿ ಸಲ ಚಿಪ್ಸ್ ಊದಲು. ಗೇಟಿನ ಪಕ್ಕ ಒಂದು ನೀಲಿ ಬಟನ್. ಅದನ್ನು ಒತ್ತಿದರೆ ರೋಬಾಟ್ ಹಿಡಿದ ಕೆಲಸ ಮುಗಿಸಿ, ಹೋಮಿಗೆ ಬಂದು ನಿಂತು, ಆಮೇಲೆ ಹಸಿರು ದೀಪ ಹಚ್ಚುತ್ತದೆ. ಆಗ ಗೇಟ್ ತೆಗೆದರೆ ಮತ್ತೆ ಶುರು ಮಾಡಲು ಹತ್ತು ಸೆಕೆಂಡ್. ರೀಸೆಟ್ ಬಟನ್ ಒಳಗಿನಿಂದ ಕೈಗೆ ಎಟುಕುತ್ತಿತ್ತು. ಅದನ್ನು ಕಿತ್ತು, ಒಳಗೆಲ್ಲ ಕಾಣುವ ಹಾಗೆ ಹೊರಗಿನ ಕಂಬಕ್ಕೆ ಹಾಕಿದೆ. ಈಗ ಚಿಪ್ಸಿಗೆ ಅಂತ ಒಳಗೆ ಹೋಗುವುದು ಶಿಫ್ಟಿಗೆ ಒಂದು ಸಲ, ಕೆಲವು ದಿನ ಅದೂ ಇಲ್ಲ.

ಹಳದಿ ಗೆರೆಯನ್ನು ಗ್ರೈಂಡರ್ ಹಿಡಿದು ಕೆರೆಸಿದೆವು. ಹೊಸ ಗೆರೆಯ ಪಕ್ಕ ತಮಿಳು, ಕನ್ನಡ, ಹಿಂದಿ ಮೂರರಲ್ಲೂ ಬರೆಸಿದೆ. ಒಡಿಶಾ ಹುಡುಗರು ತಮ್ಮದು ಎಲ್ಲಿ ಅಂತ ಕೇಳಿದರು. ಅವರೇ ಒಂದು ಸಾಲು ಬರೆದುಕೊಟ್ಟರು, ಅದನ್ನೂ ಹಾಕಿಸಿದೆ. ಪ್ಯಾನೆಲ್ ಬಾಗಿಲಿನ ಪಾಸ್‌ವರ್ಡ್ ಒರೆಸಿದೆ. ಚೆಕ್‌ಸಮ್ ಈಗ ರಿಜಿಸ್ಟರಿನಲ್ಲಿದೆ, ಪ್ರತಿ ಸೋಮವಾರ ಬೆಳಿಗ್ಗೆ ನೋಡಿ ಸಹಿ ಹಾಕುತ್ತೇನೆ. ಇಲ್ಲಿಯವರೆಗೆ ಬದಲಾಗಿಲ್ಲ.

ಗೇಟ್ ಸ್ವಿಚ್ಚಿನ ಡಬ್ಬಿಯಲ್ಲಿ ಬಿಡಿ ಕೀ ಎರಡು ಬಂದಿದ್ದವು ಅಂತ ಸ್ಟೋರ್ಸ್ ಪುಸ್ತಕ ಹೇಳುತ್ತದೆ. ಒಂದನ್ನು ಅಣ್ಣ ನನ್ನ ಕೈಗೆ ಕೊಟ್ಟರು. ಇನ್ನೊಂದು ಎಲ್ಲಿದೆ ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತನ್ನ ಜೋಡಿ ಕೀಗೆ ಬಿಟ್ಟು ಬೇರೆ ಯಾವುದಕ್ಕೂ ಒಪ್ಪದ ಕೋಡ್ ಇರುವ ಸ್ವಿಚ್ಚಿಗೆ ಆರ್ಡರ್ ಹಾಕಿದ್ದೇವೆ. ಅದು ಬರುವವರೆಗೆ ದಿನಾ ಶಿಫ್ಟ್ ಶುರುವಾಗುವ ಮೊದಲು ನಾನೇ ಹೋಗಿ ಗೇಟ್ ತೆಗೆದು ನೋಡುತ್ತೇನೆ.